ಗಣಿ ನಿಂತ ಜಾಗದಲ್ಲಿ ಗಿಡ ಮರಳಿ ಬರುತ್ತಿದೆಯಾ? ಅಳೆಯೋಕೆ ಉಪಗ್ರಹವೋ, ಡ್ರೋನೋ, ಟೇಪೋ?

ಗಣಿ ನಿಂತ ಜಾಗವನ್ನು ದೂರದಿಂದ ನೋಡಿ "ಪರವಾಗಿಲ್ಲ, ಹಸಿರಾಗಿದೆ" ಅಂದುಬಿಡುವುದು ತುಂಬಾ ಸುಲಭ. ನಮ್ಮ ಚಿಕ್ಕಮಗಳೂರು, ಸಕಲೇಶಪುರದ ಕಡೆ ಇನ್ನೂ ಸುಲಭ. ಇಲ್ಲಿ ಎರಡು ಮಳೆ ಬಿದ್ದರೆ ಕಾಂಪೌಂಡ್ ಗೋಡೆ ಮೇಲೂ ಪಾಚಿ, ಜರಿಗಿಡ ಬರುತ್ತವೆ. ಆದರೆ ಅದು ಯಾವ ಹಸಿರು? ಹುಲ್ಲಾ, ಲಂಟಾನನಾ, ಸಾಲು ಹಿಡಿದು ನೆಟ್ಟ ಅಕೇಶಿಯಾನಾ? ಅದರ ಕೆಳಗೆ ಮಣ್ಣು ನಿಂತಿದೆಯಾ, ಇಲ್ಲ ಜೂನ್ ಬಂದ ಕೂಡಲೇ ಹಳ್ಳ ಸೇರುತ್ತಿದೆಯಾ? ಇದನ್ನು ತಿಳಿಯೋಕೆ ನಾಲ್ಕೈದು ದಾರಿಗಳಿವೆ. ಒಂದೊಂದೂ ಒಂದೊಂದು ಪ್ರಶ್ನೆಗೆ ಉತ್ತರ ಕೊಡುತ್ತದೆ, ಉಳಿದದ್ದಕ್ಕೆ ಸುಮ್ಮನಿರುತ್ತದೆ. ಜನ ಸಾಮಾನ್ಯವಾಗಿ ಡ್ರೋನ್ ಇದೆ ಅಂತ ಡ್ರೋನ್ ಹಾರಿಸುತ್ತಾರೆ, ಆಮೇಲೆ ಏನು ಅಳೆಯಬೇಕು ಅಂತ ಯೋಚಿಸುತ್ತಾರೆ. ಅದು ಉಲ್ಟಾ.

ಇದು ಯಾರಿಗೆ ಬೇಕಾಗಬಹುದು ಅಂದರೆ, ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ, ಕಾಲೇಜಿನ ಬಾಟನಿ ಮೇಷ್ಟ್ರುಗಳಿಗೆ, ತೋಟದ ಪಕ್ಕ ಹಳೇ ಕಲ್ಲು ಕ್ವಾರಿ ಇರುವವರಿಗೆ, ಲೀಸ್ ಮುಗಿದು ಜಾಗ ಸರಿ ಮಾಡಿ ಕೊಡಬೇಕಾದವರಿಗೆ. ಕೊನೆಯವರಿಗಂತೂ ಇದು ಬರೀ ಆಸಕ್ತಿಯ ವಿಷಯವಲ್ಲ. ಗಣಿ ಮುಗಿದ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು, ಮೇವು, ಗಿಡ, ಪ್ರಾಣಿಗಳಿಗೆ ಆಗುವ ಸ್ಥಿತಿಗೆ ತರಬೇಕು ಅನ್ನುವ ಷರತ್ತನ್ನು ಗಣಿ ಗುತ್ತಿಗೆಯಲ್ಲಿ ಸೇರಿಸಿ ಅಂತ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಕೇಂದ್ರ ಸರ್ಕಾರಕ್ಕೆ ಹೇಳಿದೆ. ಆದೇಶದಲ್ಲಿ ಹುಲ್ಲಿನ ಮಾತು ಬಂದಿದೆ, ಗಮನಿಸಿ. ನಮ್ಮಲ್ಲಿ ಪುನಶ್ಚೇತನ ಎಂದ ಕೂಡಲೇ ಗುಂಡಿ ತೋಡಿ ಮರ ನೆಡುವುದೊಂದೇ ನೆನಪಾಗುತ್ತದೆ.

ಕುದುರೆಮುಖವನ್ನೇ ನೋಡಿ. ಅಲ್ಲಿನ ಬೆಟ್ಟ ಮೂಲದಲ್ಲಿ ಹುಲ್ಲುಗಾವಲು, ಕಣಿವೆಗಳಲ್ಲಿ ಮಾತ್ರ ಶೋಲಾ ಕಾಡು. 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಗಣಿ ಅದಕ್ಕಿಂತ ಹಳೆಯದು. 2002ರ ಅಕ್ಟೋಬರ್‌ನಲ್ಲಿ ಬಂದ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಕಬ್ಬಿಣದ ಅದಿರು ತೆಗೆಯುವುದು ನಿಂತಿತು. ಉಳಿದದ್ದು ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗುಡ್ಡ, ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದ, ಅದಿರು ಬೇರ್ಪಡಿಸಿದ ಮೇಲೆ ಉಳಿದ ಹೂಳು. ಹುಲ್ಲಿನ ಗುಡ್ಡದ ಮೇಲೆ ಒತ್ತಾಗಿ ಅಕೇಶಿಯಾ ಬೆಳೆದು ನಿಂತರೆ ಉಪಗ್ರಹದ ಲೆಕ್ಕದಲ್ಲಿ ಅದು ಫಸ್ಟ್ ಕ್ಲಾಸ್ ಪಾಸು. ಅಲ್ಲಿ ಮೊದಲು ಏನಿತ್ತು ಅನ್ನುವ ಲೆಕ್ಕದಲ್ಲಿ ಫೇಲು. ಅದಕ್ಕೇ ಯಾವ ದಾರಿ ಹಿಡಿದರೂ ಪಕ್ಕದಲ್ಲೇ ಗಣಿ ಆಗದ, ಅದೇ ಇಳಿಜಾರಿನ, ಅದೇ ದಿಕ್ಕಿಗೆ ಮುಖ ಮಾಡಿರುವ ಒಂದು ಜಾಗವನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಅದಿಲ್ಲದ ಅಳತೆಗೆ ನಾನು ಅರ್ಧ ಮಾರ್ಕ್ಸೂ ಕೊಡುವುದಿಲ್ಲ.

ಉಪಗ್ರಹ: ಹಿಂದಿನದನ್ನು ನೋಡೋಕೆ ಇದೊಂದೇ ದಾರಿ

ಮನೆಯಲ್ಲೇ ಕೂತು, ದುಡ್ಡು ಖರ್ಚಿಲ್ಲದೆ ಆಗುವ ಕೆಲಸ ಇದು. ಗಿಡದ ಎಲೆ ಕೆಂಪು ಬೆಳಕನ್ನು ಹೀರುತ್ತದೆ, ಕಣ್ಣಿಗೆ ಕಾಣದ ಸಮೀಪದ ಅವಕೆಂಪು ಬೆಳಕನ್ನು ಜೋರಾಗಿ ವಾಪಸ್ ಕಳಿಸುತ್ತದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಎನ್‌ಡಿವಿಐ ಅಂತಾರೆ. ಅದು ಮೈನಸ್ 1ರಿಂದ 1ರ ಒಳಗೆ ಇರುತ್ತದೆ. ಬರಿ ಮಣ್ಣಿಗೆ ಕಡಿಮೆ, ದಟ್ಟ ಎಲೆಗೆ ಜಾಸ್ತಿ. ಇಷ್ಟೇ ಅದರ ಗುಟ್ಟು.

ಎರಡು ಉಪಗ್ರಹಗಳ ಮಧ್ಯೆ ಆಯ್ಕೆ ಇದೆ. ಯುರೋಪಿನ ಸೆಂಟಿನೆಲ್-2ರ ಚಿತ್ರದ ಒಂದು ಚುಕ್ಕೆ (ಪಿಕ್ಸೆಲ್) ನೆಲದ ಮೇಲೆ 10 ಮೀಟರ್‌ಗೆ 10 ಮೀಟರ್, ಅಂದರೆ ಸರಿಸುಮಾರು ನಮ್ಮ ಒಂದು ಗುಂಟೆ. ಅಮೆರಿಕದ ಲ್ಯಾಂಡ್‌ಸ್ಯಾಟ್‌ನ ಒಂದು ಚುಕ್ಕೆ 30ಕ್ಕೆ 30, ಸುಮಾರು ಒಂಬತ್ತು ಗುಂಟೆ. ನಿಮ್ಮದು ಎರಡು ಎಕರೆ ಕ್ವಾರಿ ಎಂದುಕೊಳ್ಳಿ. ಸೆಂಟಿನೆಲ್‌ನಲ್ಲಿ ಸುಮಾರು 80 ಚುಕ್ಕೆ ಸಿಗುತ್ತವೆ, ಲ್ಯಾಂಡ್‌ಸ್ಯಾಟ್‌ನಲ್ಲಿ ಹೆಚ್ಚೆಂದರೆ ಒಂಬತ್ತು, ಅದರಲ್ಲೂ ಅಂಚಿನ ಚುಕ್ಕೆಗಳಲ್ಲಿ ಪಕ್ಕದವರ ಸಿಲ್ವರ್ ಮರದ ನೆರಳೂ ಸೇರಿಕೊಂಡಿರುತ್ತದೆ. ಹಾಗಾಗಿ ಸಣ್ಣ ಜಾಗಕ್ಕೆ ಲ್ಯಾಂಡ್‌ಸ್ಯಾಟ್ ಬೇಡವೇ ಬೇಡ. ಆದರೆ ಸೆಂಟಿನೆಲ್-2 ಮೇಲೆ ಹೋದದ್ದೇ 2015ರಲ್ಲಿ. ಕುದುರೆಮುಖದಲ್ಲಿ ಗಣಿ ನಡೆಯುತ್ತಿದ್ದಾಗ ಹೇಗಿತ್ತು, ನಿಂತ ಮೊದಲ ವರ್ಷಗಳಲ್ಲಿ ಏನಾಯಿತು ಅಂತ ಅದನ್ನು ಕೇಳಿದರೆ ಅದಕ್ಕೆ ಗೊತ್ತಿಲ್ಲ. ಅದಕ್ಕೆ ಲ್ಯಾಂಡ್‌ಸ್ಯಾಟ್ 5 ಬೇಕು, 1984ರಿಂದ 2011ರವರೆಗೆ ಇಂಥ ಚಿತ್ರ ತೆಗೆದಿದೆ, ಎಲ್ಲವೂ ಉಚಿತ. ಲ್ಯಾಂಡ್‌ಸ್ಯಾಟ್ 7ರ ಚಿತ್ರ ತೆಗೆದುಕೊಳ್ಳುವವರಿಗೆ ಒಂದು ಎಚ್ಚರಿಕೆ: 2003ರ ಮೇ ತಿಂಗಳಿಂದ ಅದರ ಒಂದು ಭಾಗ ಕೆಟ್ಟು, ಆಮೇಲಿನ ಚಿತ್ರಗಳಲ್ಲೆಲ್ಲ ಖಾಲಿ ಪಟ್ಟೆಗಳಿವೆ.

ಮೋಡದ ಕಥೆ ಮಲೆನಾಡಿನವರಿಗೆ ಹೇಳಬೇಕಿಲ್ಲ. ಐದು ದಿನಕ್ಕೊಮ್ಮೆ ಚಿತ್ರ ಸಿಗುತ್ತದೆ ಅಂತ ಸೆಂಟಿನೆಲ್ ಬಗ್ಗೆ ಹೇಳುತ್ತಾರೆ, ನಿಜ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಕಳಸದ ಮೇಲೆ ಅದು ತೆಗೆಯುವುದು ಬಿಳಿ ಹತ್ತಿಯ ಫೋಟೊ. ಡಿಸೆಂಬರ್, ಜನವರಿಯ ಚಿತ್ರ ಹಿಡಿಯಿರಿ, ಪ್ರತಿ ವರ್ಷ ಅದೇ ಹದಿನೈದು ದಿನದ ಆಸುಪಾಸಿನದು. ಮಾರ್ಚ್, ಏಪ್ರಿಲ್ ಚಿತ್ರದಲ್ಲಿ ಇನ್ನೊಂದು ಮೋಸವಿದೆ. ಕಾಫಿಗೆ ಹೂಮಳೆ ಬಿದ್ದ ಒಂದೆರಡು ವಾರಕ್ಕೆ ಕಳೆ, ಹುಲ್ಲು ಎಲ್ಲ ಚಿಗುರಿ ಸಂಖ್ಯೆ ಮೇಲೆದ್ದುಬಿಡುತ್ತದೆ. ಒಂದು ವರ್ಷ ಮಳೆಗೆ ಮುಂಚಿನ ಚಿತ್ರ, ಮುಂದಿನ ವರ್ಷ ಮಳೆ ಬಿದ್ದ ಮೇಲಿನ ಚಿತ್ರ ಇಟ್ಟು ಹೋಲಿಸಿ "ಹಸಿರು ಹೆಚ್ಚಾಗಿದೆ" ಎನ್ನುವುದು ಮಳೆಯನ್ನು ಅಳೆದಂತೆ, ಗಿಡವನ್ನಲ್ಲ. ಅರಸೀಕೆರೆ ಕಡೆಯ ಒಣ ನೆಲದಲ್ಲಿ ಇದು ಇನ್ನೂ ಜಾಸ್ತಿ. ಅಲ್ಲಿ ಒಳ್ಳೇ ಮಳೆಯ ವರ್ಷಕ್ಕೂ ಬರದ ವರ್ಷಕ್ಕೂ ಇರುವ ಅಂತರವೇ ಎಲ್ಲವನ್ನೂ ನುಂಗಿಬಿಡುತ್ತದೆ. ಇದಕ್ಕೆ ಮದ್ದು ಮೊದಲು ಹೇಳಿದ ಹೋಲಿಕೆಯ ಜಾಗ. ಗಣಿ ಜಾಗದ ಸಂಖ್ಯೆಯನ್ನು ಬಿಟ್ಟುಬಿಡಿ, ಎರಡರ ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆಯಾ ಅಂತ ಮಾತ್ರ ನೋಡಿ. ಒಳ್ಳೇ ಮಳೆ ಬಂದರೆ ಎರಡಕ್ಕೂ ಬರುತ್ತದೆ ಅಲ್ವಾ.

ಇಷ್ಟಾದರೂ ಯಾವ ಗಿಡ ಅಂತ ಉಪಗ್ರಹ ಹೇಳುವುದಿಲ್ಲ. ಲಂಟಾನ ಪೊದೆಗೂ ನೇರಳೆ ಮರಿಗೂ ಅದಕ್ಕೆ ವ್ಯತ್ಯಾಸ ಕಾಣದು. ಇನ್ನೊಂದು ಮಾತು, ಬೆಟ್ಟದ ಹುಲ್ಲು ಜನವರಿ ದಾಟಿದರೆ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅದು ಅದರ ಸ್ವಭಾವ. ಸಂಖ್ಯೆ ಮಾತ್ರ ನೋಡುವವರಿಗೆ ಆರೋಗ್ಯವಾದ ಹುಲ್ಲುಗಾವಲು ಹಾಳಾದ ಜಾಗದ ಹಾಗೆ ಕಾಣುತ್ತದೆ, ಕಳೆ ತುಂಬಿದ ಜಾಗ ಕಾಡಿನ ಹಾಗೆ ಕಾಣುತ್ತದೆ.

ನೆಲದ ಮೇಲೆ: ಟೇಪ್, ಕಡ್ಡಿ, ಚೌಕಟ್ಟು

ನನ್ನ ಓಟು ಇದಕ್ಕೇ. ಬೆವರು ಸುರಿಯುತ್ತದೆ, ಇಂಬಳ ಹತ್ತುತ್ತದೆ, ಆದರೆ ಗಿಡದ ಹೆಸರು ಸಿಗುವುದು ಇಲ್ಲೇ. ಇದರಲ್ಲೂ ಎರಡು ಬಗೆ ಇವೆ, ಯಾವುದು ಬೇಕು ಅನ್ನುವುದು ಪ್ರಶ್ನೆಯ ಮೇಲೆ ನಿಂತಿದೆ.

"ಬರಿ ಮಣ್ಣು ಎಷ್ಟು ಉಳಿದಿದೆ?" ಅನ್ನುವುದು ಪ್ರಶ್ನೆಯಾದರೆ ಟೇಪ್ ಮತ್ತು ಕಡ್ಡಿ. 30 ಮೀಟರ್ ಟೇಪನ್ನು ಎರಡು ಗೂಟಗಳ ನಡುವೆ ಬಿಗಿಯಾಗಿ ಎಳೆಯಿರಿ. ಪ್ರತಿ ಅರ್ಧ ಮೀಟರಿಗೆ ಒಂದು ಸಣ್ಣ ಕಬ್ಬಿಣದ ಕಡ್ಡಿಯನ್ನು ನೆಟ್ಟಗೆ ಇಳಿಸಿ. ಕಡ್ಡಿಯ ತುದಿ ಮೊದಲು ಏನನ್ನು ಮುಟ್ಟಿತು? ಹುಲ್ಲು, ಗಿಡದ ಎಲೆ, ಒಣ ತರಗು, ಕಲ್ಲು, ಬರಿ ಮಣ್ಣು. ಮುಟ್ಟಿದ್ದನ್ನು ಒಬ್ಬರು ಕೂಗಬೇಕು, ಇನ್ನೊಬ್ಬರು ಬರೆಯಬೇಕು. ಒಂದು ಗೆರೆಗೆ 60 ಸಲ. 24 ಸಲ ಮಣ್ಣು ಬಂದರೆ ಶೇಕಡಾ 40 ಬರಿ ನೆಲ. ಇದರ ಚೆಂದ ಏನೆಂದರೆ ಇಲ್ಲಿ ಅಂದಾಜು ಇಲ್ಲ. ಕಡ್ಡಿ ಮುಟ್ಟಿತು ಅಥವಾ ಮುಟ್ಟಲಿಲ್ಲ, ಅಷ್ಟೇ. ಈ ವರ್ಷ ನೀವು ಅಳೆಯಿರಿ, ಮುಂದಿನ ವರ್ಷ ಬೇರೆಯವರು ಅಳೆಯಲಿ, ಲೆಕ್ಕ ಹೆಚ್ಚುಕಮ್ಮಿ ಕೂಡುತ್ತದೆ. ಗಾಳಿ ಜೋರಾಗಿರುವ ಮಧ್ಯಾಹ್ನ ಮಾತ್ರ ಬೇಡ, ಹುಲ್ಲು ತೂಗಾಡುತ್ತಿದ್ದರೆ ಕಡ್ಡಿ ಯಾವುದನ್ನು ಮುಟ್ಟಿತು ಅಂತಲೇ ಜಗಳವಾಗುತ್ತದೆ.

"ಯಾವ ಯಾವ ಗಿಡ ಬಂದಿವೆ?" ಅನ್ನುವುದು ಪ್ರಶ್ನೆಯಾದರೆ ಚೌಕಟ್ಟು. ಅರ್ಧ ಇಂಚಿನ ಪಿವಿಸಿ ಪೈಪ್ ನಾಲ್ಕು ತುಂಡು, ನಾಲ್ಕು ಎಲ್ಬೋ, ಒಳಗಿನ ಅಳತೆ ಒಂದು ಮೀಟರ್. ಹತ್ತು ಸೆಂಟಿಮೀಟರಿಗೊಂದರಂತೆ ಎರಡೂ ಕಡೆಯಿಂದ ದಾರ ಕಟ್ಟಿದರೆ ಒಳಗೆ ನೂರು ಮನೆ, ಒಂದು ಮನೆ ಎಂದರೆ ಶೇಕಡಾ 1. ಎಲ್ಬೋಗಳಿಗೆ ಅಂಟು ಹಾಕಬೇಡಿ. ಪೊದೆ ಇರುವ ಕಡೆ ಪೂರ್ತಿ ಚೌಕ ಕೆಳಗೆ ಇಳಿಯುವುದಿಲ್ಲ. ದಾರ ಕಟ್ಟದ ಇನ್ನೊಂದು ಚೌಕ ಇದ್ದರೆ ಒಂದು ಮೂಲೆ ಬಿಚ್ಚಿ ಗಿಡದ ಬುಡದಲ್ಲಿ ತೂರಿಸಿ ಮತ್ತೆ ಜೋಡಿಸಬಹುದು. ಹುಲ್ಲು, ಸಣ್ಣ ಗಿಡಕ್ಕೆ ಈ ಒಂದು ಮೀಟರ್ ಸಾಕು. ಪೊದೆಗೆ 5 ಮೀಟರ್, ಮರಕ್ಕೆ 10 ಮೀಟರ್ ಚೌಕ ಹಗ್ಗದಲ್ಲಿ ಹಾಕುತ್ತಾರೆ. ಚೌಕಟ್ಟಿನ ದೋಷವೆಂದರೆ ಕಣ್ಣಳತೆ. ದಾರ ಕಟ್ಟದೆ ಸುಮ್ನೆ ನೋಡಿ ಹೇಳಿ ಅಂದರೆ ಒಬ್ಬರು 30 ಅಂತಾರೆ, ಇನ್ನೊಬ್ಬರು 50 ಅಂತಾರೆ, ಇಬ್ಬರೂ ಖಡಾಖಂಡಿತವಾಗಿ. ಆದರೆ ಟೇಪಿನ ಕಡ್ಡಿಗೆ ಸಿಗದ, ಬೆರಳುದ್ದದ ಹೊನ್ನೆ ಮರಿ ಚೌಕಟ್ಟಿನಲ್ಲಿ ಸಿಗುತ್ತದೆ. ಗಣಿ ಜಾಗದಲ್ಲಿ ನಾಳೆಯ ಸುದ್ದಿ ಇರುವುದು ಆ ಬೆರಳುದ್ದದ ಮರಿಯಲ್ಲೇ.

ಚೌಕಟ್ಟನ್ನು ಎಲ್ಲಿಡಬೇಕು ಅನ್ನುವಲ್ಲಿ ಎಲ್ಲರೂ ಎಡವುತ್ತಾರೆ. ಹೆಗಲ ಮೇಲಿಂದ ಹಿಂದಕ್ಕೆ ಎಸೆದರೆ ನಿಷ್ಪಕ್ಷಪಾತ ಅನ್ನುವ ಮಾತೊಂದು ಕಾಲೇಜುಗಳಲ್ಲಿ ಈಗಲೂ ಓಡಾಡುತ್ತಿದೆ. ಯಾರೂ ಲಂಟಾನ ಮುಳ್ಳಿನ ಕಡೆ ಬೆನ್ನು ಮಾಡಿ ಎಸೆಯುವುದಿಲ್ಲ, ಸ್ವಾಮಿ. ನಕ್ಷೆಯ ಮೇಲೆ ಚೌಕ ಗೆರೆ ಎಳೆದು, ಚೀಟಿ ಎತ್ತಿ ಜಾಗ ಆರಿಸಿ. ಬೆಂಚಿನ (ಗಣಿಯಲ್ಲಿ ಕಡಿದ ಮೆಟ್ಟಿಲಿನ) ಸಮತಟ್ಟು, ಬೆಂಚಿನ ಗೋಡೆ, ಡಂಪಿನ (ಬೇಡದ ಮಣ್ಣು ಕಲ್ಲು ಸುರಿದ ರಾಶಿಯ) ಇಳಿಜಾರು, ಹೂಳಿನ ಬಯಲು, ಇವು ನಾಲ್ಕೂ ಬೇರೆ ಬೇರೆ ಲೋಕ. ಒಂದೊಂದರಲ್ಲೂ ಪ್ರತ್ಯೇಕ ಚೀಟಿ ಎತ್ತಿ. ಅದಿರಿನ ಹೂಳು ನುಣ್ಣಗೆ, ಒಣಗಿದಾಗ ಮೇಲೆ ಗಟ್ಟಿ ಪದರ ಕಟ್ಟುತ್ತದೆ, ಬೀಜ ಬಿದ್ದರೂ ಬೇರು ಇಳಿಯೋಕೆ ಕಷ್ಟ, ಸಾರಜನಕವಂತೂ ಇಲ್ಲವೆನ್ನುವಷ್ಟು ಕಡಿಮೆ. ಅದರ ಲೆಕ್ಕವನ್ನು ಡಂಪಿನ ಲೆಕ್ಕದ ಜೊತೆ ಸೇರಿಸಿ ಸರಾಸರಿ ತೆಗೆದರೆ ಎರಡೂ ಸುಳ್ಳಾಗುತ್ತವೆ.

ಮುಂದಿನ ವರ್ಷ ಅದೇ ಜಾಗಕ್ಕೆ ಬರಬೇಕಲ್ಲ. ಮೊಬೈಲ್ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ, ಕಣಿವೆಯಲ್ಲಿ ಇನ್ನೂ ಜಾಸ್ತಿ. ಒಂದು ಮೀಟರ್ ಚೌಕಕ್ಕೆ ಅದು ಸಾಲದು. ಉದ್ದನೆಯ ಕಬ್ಬಿಣದ ಗೂಟ ಹೊಡೆದರೆ ಗುಜರಿಗೆ ಹೋಗುತ್ತದೆ. ಗಿಡ್ಡ ಸರಳಿನ ತುಂಡನ್ನು ನೆಲಮಟ್ಟಕ್ಕೆ ಹೊಡೆದು, ಪಕ್ಕದ ಅಲ್ಲಾಡದ ಬಂಡೆಗೆ ಬಣ್ಣದ ಗುರುತು ಹಾಕಿ, ಬಂಡೆಯಿಂದ ಎಷ್ಟು ಮೀಟರ್, ಯಾವ ದಿಕ್ಕು ಅಂತ ಬರೆದಿಡಿ.

ವರ್ಷಕ್ಕೆ ಎರಡು ಸಲ ಅಳೆದರೆ ಸಾಕು. ಮೇ ಕೊನೆಯಲ್ಲಿ ಟೇಪ್, ಯಾಕಂದ್ರೆ ಮೊದಲ ಮುಂಗಾರು ಮಳೆ ಹೊಡೆಯುವ ಹೊತ್ತಿಗೆ ನೆಲ ಎಷ್ಟು ಬೆತ್ತಲಾಗಿದೆ ಅನ್ನುವುದೇ ಮಣ್ಣಿನ ಹಣೆಬರಹ ಬರೆಯುತ್ತದೆ. ಕುದುರೆಮುಖದ ಕಡೆ ವರ್ಷಕ್ಕೆ 6,000 ಮಿಲಿಮೀಟರ್ ದಾಟುವ ಮಳೆ. ಗಣಿ ನಡೆಯುವಾಗ ಭದ್ರೆಗೆ ಹೂಳು ಹೋಗುತ್ತದೆ ಅನ್ನುವುದೇ ಅಲ್ಲಿನ ಹೋರಾಟದ ದೊಡ್ಡ ದೂರಾಗಿತ್ತು. ಆಮೇಲೆ ಅಕ್ಟೋಬರ್, ನವೆಂಬರ್‌ನಲ್ಲಿ ಚೌಕಟ್ಟು. ಆಗ ಹುಲ್ಲು ತೆನೆ ಬಿಟ್ಟಿರುತ್ತದೆ. ತೆನೆ ಇಲ್ಲದೆ ಹುಲ್ಲಿನ ಹೆಸರು ಹಿಡಿಯೋಕೆ ಪಂಡಿತರಿಗೂ ಕಷ್ಟ.

ಹೆಸರು ಗೊತ್ತಾಗದಿದ್ದರೆ ಗಾಬರಿ ಬೇಡ. "ಹುಲ್ಲು 1", "ಹುಲ್ಲು 2" ಅಂತ ಬರೆದು, ಮಾದರಿಯನ್ನು ಪೇಪರ್ ಮಧ್ಯೆ ಒತ್ತಿ ಒಣಗಿಸಿ ತಿಳಿದವರಿಗೆ ತೋರಿಸಿ. ಅರಣ್ಯದೊಳಗೆ ಮಾತ್ರ ಅನುಮತಿ ಇಲ್ಲದೆ ಒಂದು ಎಸಳೂ ಕೀಳುವಂತಿಲ್ಲ. ಹಾಸನದವರಿಗೆ ಒಂದು ಅದೃಷ್ಟ ಇದೆ: ಈ ಜಿಲ್ಲೆಯ ಗಿಡಗಳ ಬಗ್ಗೆ ಸಲ್ದಾನಾ ಮತ್ತು ನಿಕೋಲ್ಸನ್ 1976ರಲ್ಲಿ ತಂದ ದಪ್ಪ ಇಂಗ್ಲಿಷ್ ಗ್ರಂಥವೇ ಇದೆ. ಇಲ್ಲಿ ಮೊದಲು ಏನಿತ್ತು ಅಂತ ನೋಡೋಕೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ.

ಪಟ್ಟಿ ಕೈಗೆ ಬಂದ ಮೇಲೆ ಮೂರು ಗುಂಪು ಮಾಡಿ: ತಾನಾಗಿ ಬಂದ ಊರಿನ ಗಿಡ, ನೆಟ್ಟದ್ದು, ಬೇಡದ ಕಳೆ. ಮಲೆನಾಡಿನ ಕಡೆ ನೆಕ್ಕರೆ, ನೇರಳೆ, ನೆಲ್ಲಿ ಮರಿಗಳು ತಾವಾಗಿ ಬಂದಿದ್ದರೆ ಹಕ್ಕಿ, ಪ್ರಾಣಿಗಳು ಬೀಜ ಹರಡುವ ಕೆಲಸ ಶುರುಮಾಡಿವೆ ಎಂದರ್ಥ. ಬಯಲುಸೀಮೆಯ ಕ್ವಾರಿಯಲ್ಲಿ ತಂಗಡಿ, ಬಂದರಿಕೆ ಗಿಡ ಕಂಡರೂ ಖುಷಿಪಡಿ. ಲಂಟಾನ, ಯುಪಟೋರಿಯಂ, ಕಾಂಗ್ರೆಸ್ ಗಿಡಗಳದ್ದೇ ರಾಜ್ಯವಾಗಿದ್ದರೆ ಎಷ್ಟು ಹಸಿರಿದ್ದರೂ ಕುಣಿಯಬೇಡಿ. ನೆಟ್ಟ ಗಿಡ ಸಾಲಿನಲ್ಲಿರುತ್ತದೆ, ಬುಡದಲ್ಲಿ ಗುಂಡಿಯ ಅಂಚು ಕಾಣುತ್ತದೆ, ಗುರುತಿಸೋದು ಕಷ್ಟವಲ್ಲ.

ಸಸಿ ಎಣಿಕೆ

ಇದನ್ನು ಅಳತೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ವನಮಹೋತ್ಸವದ ದಿನ ಎಷ್ಟು ನೆಟ್ಟೆವು ಅನ್ನುವ ಲೆಕ್ಕ ಎಲ್ಲರ ಹತ್ತಿರವೂ ಇರುತ್ತದೆ. ಮುಂದಿನ ಮೇ ತಿಂಗಳಲ್ಲಿ ಎಷ್ಟು ಉಳಿದವು ಅಂತ ಕೇಳಿ ನೋಡಿ. ಎಣಿಸುವುದಾದರೆ ಸಸಿಗೆ ನಂಬರ್ ಬಿಲ್ಲೆ ಕಟ್ಟಿ, ಸತ್ತ ಕಡೆ ಮತ್ತೆ ನೆಟ್ಟದ್ದನ್ನು ಬೇರೆ ಬರೆಯಿರಿ, ಇಲ್ಲದಿದ್ದರೆ ಶೇಕಡಾ ನೂರು ಉಳಿದಂತೆ ಕಾಣುತ್ತದೆ. ಇದು ನೆಟ್ಟವರ ಕೆಲಸವನ್ನು ಅಳೆಯುತ್ತದೆ. ಭೂಮಿ ತಾನಾಗಿ ಏನು ಮಾಡುತ್ತಿದೆ ಅನ್ನುವುದನ್ನಲ್ಲ.

ಒಂದೇ ಜಾಗದ ಫೋಟೊ

ದುಡ್ಡಿಲ್ಲ, ಜನ ಇಲ್ಲ, ಬಾಟನಿ ಗೊತ್ತಿಲ್ಲ ಅನ್ನುವವರಿಗೆ ಇದು. ಗುರುತು ಹಾಕಿದ ಬಂಡೆಯ ಪಕ್ಕ ನಿಂತು, ಒಂದೂವರೆ ಮೀಟರ್ ಎತ್ತರದ ಕೋಲಿನ ಮೇಲೆ ಮೊಬೈಲ್ ಇಟ್ಟು, ಅದೇ ದಿಕ್ಕಿಗೆ, ಅದೇ ತಿಂಗಳಲ್ಲಿ ಪ್ರತಿ ವರ್ಷ ಒಂದು ಫೋಟೊ. ಹಿಂದೆ ಒಂದು ಗುಡ್ಡದ ಸಾಲೋ ವಿದ್ಯುತ್ ಟವರೋ ಕಾಣುವಂತೆ ಇಡಿ, ಆಗ ಹಳೇ ಫೋಟೊ ತೆರೆದು ಹೊಂದಿಸಿಕೊಳ್ಳಬಹುದು. ಕಪ್ಪು ಬಿಳುಪು ಪಟ್ಟೆ ಬಳಿದ ಒಂದು ಪೈಪನ್ನು ಹತ್ತು ಮೀಟರ್ ದೂರದಲ್ಲಿ ನೆಟ್ಟರೆ ಗಿಡದ ಎತ್ತರವೂ ಸಿಗುತ್ತದೆ. ಆದರೆ ಫೋಟೊದ ಬಣ್ಣ ನೋಡಿ ತೀರ್ಪು ಕೊಡಬೇಡಿ. ಈಗಿನ ಮೊಬೈಲುಗಳು ಹಸಿರನ್ನು ತಾವೇ ಗಾಢ ಮಾಡಿ ಚೆಂದ ಮಾಡಿ ಕೊಡುತ್ತವೆ. ಪಂಚಾಯಿತಿ ಸಭೆಯಲ್ಲಿ ಜನರಿಗೆ ತೋರಿಸೋಕೆ ಇದರಷ್ಟು ಕೆಲಸಕ್ಕೆ ಬರುವುದು ಬೇರೆ ಇಲ್ಲ. ಶೇಕಡಾ 40 ಅಂದರೆ ಯಾರೂ ತಲೆ ಎತ್ತುವುದಿಲ್ಲ, ಎರಡು ಫೋಟೊ ಪಕ್ಕಪಕ್ಕ ಇಟ್ಟರೆ ಮಾತು ಶುರುವಾಗುತ್ತದೆ.

ಡ್ರೋನ್

ನಿಜವಾಗಿ ಬೇಕಾಗುವುದು ಕಾಲಿಡಲಾಗದ ಜಾಗಕ್ಕೆ: ಕ್ವಾರಿಯ ಕಡಿದಾದ ಗೋಡೆ, ಕುಸಿಯುವ ಡಂಪು, ಕಾಲು ಹೂತುಹೋಗುವ ಹೂಳು. ಒಂದು ಚುಕ್ಕೆಗೆ ಕೆಲವೇ ಸೆಂಟಿಮೀಟರ್‌ನಷ್ಟು ಸ್ಪಷ್ಟ ಚಿತ್ರ ಸಿಗುತ್ತದೆ, ಮಳೆನೀರು ಕೊರೆದ ಸಣ್ಣ ಕೊರಕಲೂ ಕಾಣುತ್ತದೆ, ಲಂಟಾನ ಹೂ ಬಿಟ್ಟಾಗ ಹಾರಿಸಿದರೆ ಪೊದೆಗಳನ್ನೂ ಗುರುತು ಹಿಡಿಯಬಹುದು. ಆದರೆ ಮರದ ಕೆಳಗಿನದು ಕಾಣದು. 2021ರ ಡ್ರೋನ್ ನಿಯಮದಂತೆ 250 ಗ್ರಾಂವರೆಗಿನದು ನ್ಯಾನೊ ವರ್ಗ, ಅದಕ್ಕಿಂತ ತೂಕದ್ದಕ್ಕೆ ನಿಯಮ ಬಿಗಿ. ಯಾವ ತೂಕದ್ದಾದರೂ ಹಾರಿಸುವ ಮುಂಚೆ ಆ ಜಾಗ ಯಾವ ವಲಯದಲ್ಲಿದೆ ಅಂತ ಸರ್ಕಾರದ ನಕ್ಷೆಯಲ್ಲಿ ನೋಡಿಕೊಳ್ಳಿ. ರಾಷ್ಟ್ರೀಯ ಉದ್ಯಾನದ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಯೋಚಿಸಲೂ ಬೇಡಿ. ಎರಡು ಎಕರೆ ಸಮತಟ್ಟಾದ ಕ್ವಾರಿಗೆ ಬಾಡಿಗೆ ಡ್ರೋನ್ ತರಿಸುವುದು ದುಡ್ಡು ದಂಡ, ಅದೇ ದುಡ್ಡಲ್ಲಿ ಗಿಡ ಗೊತ್ತಿರುವ ಒಬ್ಬರನ್ನು ವರ್ಷಕ್ಕೊಮ್ಮೆ ಕರೆಸಿ.

ಹಾಗಾದರೆ ಯಾರು ಏನು ಮಾಡಬೇಕು

ಕುದುರೆಮುಖದಂಥ ದೊಡ್ಡ, ಒಳಗೆ ಬಿಡದ ಜಾಗವನ್ನು ಹೊರಗಿಂದ ಗಮನಿಸುವವರಿಗೆ ಲ್ಯಾಂಡ್‌ಸ್ಯಾಟ್‌ನ ಹಳೇ ಚಿತ್ರ, 2015ರ ನಂತರಕ್ಕೆ ಸೆಂಟಿನೆಲ್. ಆದರೆ ಅದರಿಂದ "ಹುಲ್ಲುಗಾವಲು ಮರಳಿದೆ" ಅಂತ ಬರೆಯಬೇಡಿ, "ಎಲೆ ಹೊದಿಕೆ ಹೆಚ್ಚಾಗಿದೆ" ಅಂತಷ್ಟೇ ಬರೆಯಿರಿ. ತೋಟದ ಪಕ್ಕದ ಸಣ್ಣ ಕ್ವಾರಿಯವರಿಗೆ ಫೋಟೊ, ಜೊತೆಗೆ ಮೇ ತಿಂಗಳ ಟೇಪ್. ಕಾಲೇಜಿನವರಿಗೆ ಚೌಕಟ್ಟು, ಪ್ರತಿ ವರ್ಷ ಹೊಸ ಹುಡುಗರು ಬರುತ್ತಾರೆ, ಕೈಗೆ ಕೆಲಸವೂ ಆಯಿತು, ಹತ್ತು ವರ್ಷಕ್ಕೆ ಒಂದು ಒಳ್ಳೇ ದಾಖಲೆಯೂ ಆಯಿತು. ಮಕ್ಕಳು ಬದಲಾಗುವುದರಿಂದ ಅವರು ಟೇಪನ್ನೂ ಬಿಡಬಾರದು. ಲೀಸ್ ಮುಗಿದವರಿಗೆ ಟೇಪ್, ಚೌಕಟ್ಟು ಎರಡೂ ಬೇಕು, ಹೋಲಿಕೆಯ ಜಾಗದ ಅಳತೆ ಸಮೇತ. ಆನೆ ಓಡಾಡುವ ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಬೆಳಗ್ಗೆ ಬಿಸಿಲೇರಿದ ಮೇಲೆ ಹೋಗಿ ಸಂಜೆಗೆ ಮುಂಚೆ ವಾಪಸ್ ಬರುವ ಹಾಗೆ ಗೆರೆಗಳ ಸಂಖ್ಯೆ ಇಟ್ಟುಕೊಳ್ಳಿ. ಜಾನುವಾರು ಮೇಯುತ್ತವಾ, ಬೆಂಕಿ ಬಿದ್ದಿತ್ತಾ ಅಂತ ಪ್ರತಿ ಸಲ ಹಾಳೆಯ ಮೇಲೆ ಬರೆಯಿರಿ, ಬೇಲಿ ಹಾಕಿದ ವರ್ಷ ಹುಲ್ಲು ಹೆಚ್ಚಾದರೆ ಅದಕ್ಕೆ ಕಾರಣ ಬೇಲಿ.

ಹಾಸನದ ನುಗ್ಗೇಹಳ್ಳಿ, ಬೈರಾಪುರದ ಕಡೆ ಇರುವವರಿಗೆ ಇನ್ನೊಂದು ಮಾತು ಬಾಕಿ ಇದೆ. ಅದು ಕ್ರೋಮೈಟ್ ಸಿಗುವ ಪಟ್ಟಿ. ಇಂಥ ಬಂಡೆಯ ಮಣ್ಣಿನಲ್ಲಿ ಕ್ರೋಮಿಯಂ, ನಿಕ್ಕಲ್ ಸಹಜವಾಗಿಯೇ ಜಾಸ್ತಿ, ಸುಣ್ಣದ ಅಂಶ ಕಡಿಮೆ. ಗಿಡ ಕುಳ್ಳಾಗಿ, ವಿರಳವಾಗಿ ಬರುವುದು ಅಲ್ಲಿ ಗಣಿಯ ತಪ್ಪೇ ಆಗಿರಬೇಕೆಂದಿಲ್ಲ, ಪಕ್ಕದ ಗಣಿ ಆಗದ ಗುಡ್ಡದಲ್ಲೂ ಹಾಗೇ ಇರಬಹುದು. ಮೇವಿಗೆ ಬಿಡುವ ಯೋಚನೆ ಇದ್ದರೆ ಮೇಲಿನ ಯಾವ ದಾರಿಯೂ ಸಾಲದು, ಮಣ್ಣನ್ನೂ ಹುಲ್ಲನ್ನೂ ಲ್ಯಾಬಿಗೆ ಕೊಡಬೇಕು. ರೈತರಿಗೆ ಕೊಡುವ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಹನ್ನೆರಡು ಅಂಶ ನೋಡುತ್ತಾರೆ: ಸಾರಜನಕ, ರಂಜಕ, ಪೊಟ್ಯಾಷ್, ಸತು, ಕಬ್ಬಿಣ ಹೀಗೆ. ಕ್ರೋಮಿಯಂ, ನಿಕ್ಕಲ್ ಅದರಲ್ಲಿಲ್ಲ. ಕಾರ್ಡ್ ಚೆನ್ನಾಗಿ ಬಂತು ಅಂತ ದನ ಬಿಡಬೇಡಿ, ಆ ಎರಡನ್ನೂ ಹೆಸರು ಹೇಳಿ ಬೇರೆಯಾಗಿ ಪರೀಕ್ಷೆ ಮಾಡಿಸಿ.